ಪ್ರತಿ ಸಲ ದಕ್ಷಿಣಕ್ಕೇ

ನಾನು ಒಂದು ಕಡೆ ನಿಂತವಳಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲುವ ತಾಳ್ಮೆ ನನಗಿಲ್ಲವೆಂದೇ ನಮ್ಮ ಮನೆಯಲ್ಲಿ ಹಾಲು ಕಾಯಿಸುವ ಕೆಲಸ ಅವ್ವನದು. ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ಈ ಕಂಬದಿಂದ ಆ ಕಂಬಕ್ಕೆ ನಾನು ಓಡಾಡುವುದನ್ನು ನೋಡಿ ನೋಡಿ ಚಹಾದಂಗಡಿಯವನಿಗೇ ಕಾಲು ನೋವು ಬಂದಿರಬೇಕು. ಹೊಲಿಗೆ ಕ್ಲಾಸನ್ನು ಮೂರು ತಿಂಗಳಿಗೆ ಬಿಟ್ಟೆ. ಹಾರ್ಮೋನಿಯಂ ಆರು ವಾರ ಬಾಳಿತು. ಎಂ.ಎಸ್ಸಿ. ಎರಡನೇ ವರ್ಷದ ಪುಸ್ತಕಗಳು ಅಟ್ಟದ ಮೇಲೆ ಇನ್ನೂ ಹಗ್ಗ ಕಟ್ಟಿಕೊಂಡು ಕೂತಿವೆ. ನಂಟರ ಬಾಯಲ್ಲಿ ನನ್ನ ಹೆಸರು ‘ಅರ್ಧಮರ್ಧ’. ನನ್ನ ಮದುವೆ ಮಾತುಕತೆ ನಡುವೆ ನಿಂತುಹೋದಾಗಲೂ ಅದೇ ಹೆಸರನ್ನು ಮುಂದೆ ಮಾಡಿದರು. ಅದರಲ್ಲಿ ನನ್ನ ತಪ್ಪೇನೂ ಇರಲಿಲ್ಲ.

ಅಂಥ ನಾನು ಮೂವತ್ತೇಳನೇ ವಯಸ್ಸಿಗೆ, ಇದೊಂದನ್ನಾದರೂ ಕೊನೆ ಮುಟ್ಟಿಸುತ್ತೇನೆ ಎಂದು ಹಟ ಹಿಡಿದೆ. ಸರಕಾರಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಆಡಿಕೊಂಡು ದಿನ ಕಳೆಯುತ್ತಿದ್ದೆ. ಒಮ್ಮೆ ನಮ್ಮ ಶಾಲೆಯ ಹುಡುಗಿಯರನ್ನು ನಕ್ಷೆ ನೋಡಿ ಓಡುವ ಆಟದ ಎರಡು ದಿನದ ಶಿಬಿರಕ್ಕೆಂದು ತಾಂಡೂರಿಗೆ ಕರೆದುಕೊಂಡು ಹೋಗಬೇಕಾಯಿತು. ಅವರು ಬಯಲಿನಲ್ಲಿ ಆಡುವುದು, ನಾನು ನೆರಳಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುವುದು ಎಂದು ಗೊತ್ತಾಗಿತ್ತು. ಅರ್ಧ ಗಂಟೆಗೆ ಪತ್ರಿಕೆಗಳ ಮೇಲೊಂದು ಕಲ್ಲಿಟ್ಟು ನಾನೂ ಒಂದು ನಕ್ಷೆ ಇಸಿದುಕೊಂಡೆ.

ಆಟ ಹೇಳುವುದಕ್ಕೆ ಸರಳ. ನಿಮಗೆ ಒಂದು ನಕ್ಷೆ, ಒಂದು ದಿಕ್ಸೂಚಿ ಕೊಡುತ್ತಾರೆ. ನಕ್ಷೆಯಲ್ಲಿ ಕೆಂಪು ಉಂಗುರಗಳಿರುತ್ತವೆ. ಒಂದೊಂದು ಉಂಗುರದ ನಡುಮಧ್ಯೆ, ನಿಜವಾದ ನೆಲದ ಮೇಲೆ, ಕಿತ್ತಳೆ ಮತ್ತು ಬಿಳಿ ಬಟ್ಟೆಯ ಒಂದು ನಿಶಾನೆ ತೂಗುತ್ತಿರುತ್ತದೆ. ಅದರ ಮೇಲೊಂದು ನಂಬರು, ಪಕ್ಕದಲ್ಲಿ ಸಣ್ಣ ಮೊಳೆಗಳಿರುವ ಚಿಮುಟ. ಪ್ರತಿ ಚಿಮುಟದ ಮೊಳೆಗಳು ಬೇರೆ ಬೇರೆ ಆಕಾರಕ್ಕೆ ಚುಚ್ಚುತ್ತವೆ. ನಿಮ್ಮ ಚೀಟಿಯಲ್ಲಿ ಅದನ್ನು ಚುಚ್ಚಿಕೊಂಡು ಮುಂದಿನ ನಿಶಾನೆಗೆ ಓಡಬೇಕು, ಅದೂ ಕೊಟ್ಟ ಕ್ರಮದಲ್ಲಿಯೇ. ಎರಡು ನಿಶಾನೆಗಳ ನಡುವಿನ ದಾರಿ ನಿಮ್ಮ ಆಯ್ಕೆ. ಉದ್ದದ ಓಟದಲ್ಲಿ ಒಂದರಿಂದ ಒಂದಕ್ಕೆ ಒಮ್ಮೊಮ್ಮೆ ಒಂದು ಕಿಲೋಮೀಟರಿಗಿಂತ ಜಾಸ್ತಿ ಇರುತ್ತದೆ. ಯಾರನ್ನೂ ದಾರಿ ಕೇಳುವಂತಿಲ್ಲ.

ಈ ಕೊನೆಯ ನಿಯಮವೇ ನಮ್ಮ ಕಡೆಯವರಿಗೆ ಕಷ್ಟ. ಇಲ್ಲಿ ಗೊತ್ತಿರುವ ದಾರಿಯನ್ನೂ ಒಮ್ಮೆ ಕೇಳಿಯೇ ಹೋಗುವುದು ರೂಢಿ. ಕೇಳದೆ ಹೋದರೆ ಅವರಾಗಿಯೇ ಕೇಳುತ್ತಾರೆ. ವಾರದ ದಿನಗಳಲ್ಲಿ ಬೆಳಗ್ಗೆ ಅಭ್ಯಾಸಕ್ಕೆಂದು ನ್ಯಾಲ್ಕಲ್ ಕಡೆಯ ಹೊಲಗಳಲ್ಲಿ ಓಡುತ್ತಿದ್ದೆ. ಮೊದಮೊದಲು ಎಲ್ಲರೂ ನನ್ನ ಎಮ್ಮೆ ಕಳೆದುಹೋಗಿದೆ ಎಂದೇ ತಿಳಿದು ಯಾವ ಬಣ್ಣದ್ದು, ಕೊಂಬು ಹೇಗಿದೆ ಎಂದು ವಿಚಾರಿಸುತ್ತಿದ್ದರು. ನಕ್ಷೆ ಕಂಡರೆ ಮುಖ ಬಿಗಿಯಾಗುತ್ತಿತ್ತು. ಯಾರ ಹೊಲ ಅಳೆಯಲು ಬಂದಿದ್ದೀರಿ, ಯಾವ ಆಫೀಸಿನವರು ಎಂದು ಅಡ್ಡ ನಿಲ್ಲುತ್ತಿದ್ದರು. ನಾನು ನಕ್ಷೆಯನ್ನು ಕುರ್ತಾದೊಳಗೆ ಇಳಿಬಿಟ್ಟು ಎಮ್ಮೆ ಹುಡುಕುವವಳಾಗಿಯೇ ಉಳಿದೆ.

ಭಾನುವಾರ ಮೊದಲನೇ ಬಸ್ಸಿಗೆ ತಾಂಡೂರು. ತರಬೇತಿ ಕೊಡುತ್ತಿದ್ದವರು ಸೈನ್ಯದಿಂದ ನಿವೃತ್ತರಾಗಿ ಊರಿಗೆ ಮರಳಿದವರು. ನಮ್ಮವರೇ, ಲಿಂಗವಂತರು. ಹೊಸಬರು ತಲೆ ಎತ್ತಿ ಕರಣಕೋಟದ ಸಿಮೆಂಟ್ ಕಾರ್ಖಾನೆಯ ಚಿಮಣಿ ನೋಡಿ ದಿಕ್ಕು ಹಿಡಿಯುತ್ತಾರೆಂದು, ಚಿಮಣಿ ಕಾಣದ ತಗ್ಗುಗಳನ್ನೇ ಹುಡುಕಿ ಅಲ್ಲಿ ನಿಶಾನೆ ಕಟ್ಟುತ್ತಿದ್ದರು. ಹಳೆಯ ಕಲ್ಲುಗಣಿಗಳು, ನೆಲಕ್ಕೆ ಹಾಸುವ ಪರಸಿಕಲ್ಲಿನ ಒಡೆದ ಚೂರುಗಳ ಗುಪ್ಪೆಗಳು, ಆಚೆ ಆಳೆತ್ತರದ ತೊಗರಿ. ತೊಗರಿಯೊಳಗೆ ಹೊಕ್ಕರೆ ಮುಂದೆ ಹಿಂದೆ ಏನೂ ಕಾಣಿಸದು. ನನಗೆ ಅದು ಬಹಳ ಸೇರಿತು. ಓಡುತ್ತಿರುವಾಗ ತಲೆಯೊಳಗಿನ ಗದ್ದಲ ಕಾಲಿಗಿಳಿದು ಸುಮ್ಮನಾಗುತ್ತಿತ್ತು.

ಮೊದಲ ಒಂದು ತಿಂಗಳು ನಾನು ಚೆನ್ನಾಗಿಯೇ ಇದ್ದೆ. ಒಂದೇ ತೊಂದರೆಯೆಂದರೆ ಕರಡಿಗೆಯದು. ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆ ಕೊರಳ ಶಿವದಾರದಲ್ಲಿ ತೂಗಿ ಎದೆಗೆ ಬಡಿದು ಬಡಿದು ಅಲ್ಲಿ ಕಪ್ಪು ಕಲೆಯಾಗಿತ್ತು. ಅದನ್ನು ನೋಡಿದ ಅವ್ವ ತನ್ನ ಹಳೆಯ ಇಳಕಲ್ ಸೀರೆಯ ಒಂದು ತುಂಡು ಕತ್ತರಿಸಿ, ಎರಡು ಪದರದ ಚೀಲ ಹೊಲಿಯಲು ಕೂತಳು. ಅವಳಿಗೆ ಒಂದು ಕಣ್ಣಿನ ಪೊರೆ ತೆಗೆದಿತ್ತು, ಇನ್ನೊಂದು ಬಾಕಿ ಇತ್ತು. ನಾನು ಬೆಳಗ್ಗೆ ಓಡಲು ಹೋಗುವ ಮುಂಚೆ ಹತ್ತು ಸೂಜಿಗಳಿಗೆ ದಾರ ಪೋಣಿಸಿ ಕ್ಯಾಲೆಂಡರಿಗೆ ಸಾಲಾಗಿ ಚುಚ್ಚಿ ಹೋಗುತ್ತಿದ್ದೆ, ಸಂಜೆ ಬರುವಷ್ಟರಲ್ಲಿ ಎಲ್ಲವೂ ಖಾಲಿ. ಹೀಗೆ ಎಂಟು ದಿನಕ್ಕೆ ಚೀಲ ಸಿದ್ಧವಾಯಿತು. ಎದೆಗೆ ಬಿಗಿಯಾಗಿ ಕೂರುವಂತೆ ಪಟ್ಟಿ, ಬಾಯಿಗೆ ಟಕ್ ಎಂದು ಮುಚ್ಚಿಕೊಳ್ಳುವ ಗುಂಡಿ. ಸೋಮವಾರ ಪೂಜೆ ಮುಗಿಸಿ, ಕರಡಿಗೆಯ ಬದಲು ಲಿಂಗವನ್ನು ಅದರಲ್ಲಿಟ್ಟುಕೊಂಡೆ. ಅವ್ವ ಪಟ್ಟಿ ಎಳೆದು ನೋಡಿ, ಇನ್ನು ಎಷ್ಟು ಬೇಕಾದರೂ ಓಡು, ಅಲ್ಲಾಡುವುದಿಲ್ಲ ಎಂದಳು.

ಅಲ್ಲಾಡಲಿಲ್ಲ. ಆದರೆ ನಾನು ದಾರಿ ತಪ್ಪಲು ಶುರು ಮಾಡಿದೆ.

ಅದೇ ಸುಮಾರಿಗೆ ತರಬೇತುದಾರರು ನಮಗೆ ನಿಲ್ಲುವುದನ್ನು ಕಲಿಸುತ್ತಿದ್ದರು. ಉದ್ದದ ದಾರಿ ಹಿಡಿಯುವ ಮುಂಚೆ ನಿಲ್ಲಬೇಕು. ದಿಕ್ಸೂಚಿಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಯ ಹತ್ತಿರಕ್ಕೆ ತರಬೇಕು, ಮೂರು ಸಲ ಉಸಿರು ಬಿಡಬೇಕು, ಸೂಜಿ ನಿಂತ ಮೇಲೆ ದೂರದ ಒಂದು ಮರವನ್ನೋ ಬಂಡೆಯನ್ನೋ ನೋಡಿಕೊಂಡು ಹೊರಡಬೇಕು. ಉಳಿದವರು ಹಾಗೆ ಮಾಡಿ ನಿಶಾನೆಗೆ ಹೋಗಿ ಮುಟ್ಟುತ್ತಿದ್ದರು. ನಾನು ಹಾಗೆ ಮಾಡಿ ಯಾರದೋ ಬಾವಿಗೆ, ಯಾರದೋ ಕಣಕ್ಕೆ, ಒಮ್ಮೆ ಒಂದು ಮಸಣಕ್ಕೆ ಹೋಗಿ ಮುಟ್ಟಿದೆ. ಪೂರ್ವಕ್ಕೆ ಹೊರಟರೂ ದಕ್ಷಿಣಕ್ಕೆ ಜಾರುತ್ತಿದ್ದೆ, ಪಶ್ಚಿಮಕ್ಕೆ ಹೊರಟರೂ ದಕ್ಷಿಣಕ್ಕೇ. ಜಹೀರಾಬಾದಿನಿಂದ ತಾಂಡೂರು ದಕ್ಷಿಣಕ್ಕಿದೆಯಲ್ಲ, ನಿನಗೆ ತಾಂಡೂರಿನಲ್ಲೇ ಗಂಡು ನೋಡೋಣ ಬಿಡು ಎಂದು ಜೊತೆಯ ಹೆಂಗಸರು ನಗಾಡುತ್ತಿದ್ದರು. ನಾನೂ ನಕ್ಕೆ. ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ತರಬೇತುದಾರರು ದಿಕ್ಸೂಚಿ ಕೆಟ್ಟಿರಬೇಕೆಂದು ಅದನ್ನು ಇಸಿದುಕೊಂಡು ತಮ್ಮ ಎದೆಯ ಹತ್ತಿರ ಹಿಡಿದು ನೋಡಿದರು, ಸರಿಯಾಗಿಯೇ ಇತ್ತು. ಬೇರೆಯದನ್ನು ಕೊಟ್ಟರು, ಅದನ್ನು ಹಿಡಿದೂ ದಕ್ಷಿಣಕ್ಕೇ ಹೋದೆ. ಮೈಮೇಲೆ ಕಬ್ಬಿಣವಿದ್ದರೆ ಸೂಜಿ ಅಲುಗುತ್ತದೆ, ಫೋನು, ಗಡಿಯಾರ, ಬಳೆ, ಪಿನ್ನು ಎಲ್ಲ ತೆಗೆದಿಡಿ ಎಂದರು. ತಲೆಯ ಕ್ಲಿಪ್ಪನ್ನೂ ಬಿಡದೆ ತೆಗೆದು ಕೈಚೀಲಕ್ಕೆ ಹಾಕಿದೆ.

“ಮೈಮ್ಯಾಲಿಂದು ಎಲ್ಲಾ ತಗದೀರಿ?”

“ಎಲ್ಲಾ ತಗದೀನ್ರಿ ಸರ್.”

ಸುಳ್ಳು ಹೇಳಲಿಲ್ಲ ನಾನು. ಆಣೆ ಮಾಡಿಯೂ ಅದನ್ನೇ ಹೇಳುತ್ತಿದ್ದೆ.

ಹೀಗಾಗಿ ತಪ್ಪು ನನ್ನ ಸ್ವಭಾವದ್ದೇ ಎಂದು ತೀರ್ಮಾನವಾಯಿತು. “ಟೀಚರಮ್ಮಾ, ನಿಮಗ ನಿಲ್ಲಾಕ ಬರಂಗಿಲ್ರಿ,” ಎಂದು ಒಂದು ದಿನ ಅವರು ಮೆಲ್ಲಗೆ ಹೇಳಿದರು. “ಕಾಲ ನಿಂತಾವ, ಮನಸ್ಸ ಆಗ್ಲೇ ಮುಂದ ಹೋಗ್ಯದ.” ಬೈದಿದ್ದರೆ ನಾನೂ ಏನಾದರೂ ಅಂದುಬಿಡುತ್ತಿದ್ದೆ. ಅವರು ಕನಿಕರದಿಂದ ಹೇಳಿದ್ದರು, ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಜಹೀರಾಬಾದಿನವರೆಗೆ ಅತ್ತೆ.

ಇನ್ನೊಂದು ವಿಚಿತ್ರವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಸಹನೆ ತಪ್ಪಿ, ನಿಲ್ಲದೆ, ಓಡುತ್ತಲೇ ಸೊಂಟದ ಹತ್ತಿರ ಕೈ ಚಾಚಿ ದಿಕ್ಸೂಚಿಯ ಕಡೆ ಒಂದು ಕಣ್ಣು ಹಾಯಿಸಿ ಹೋದಾಗ ನಾನು ನೇರವಾಗಿ ನಿಶಾನೆಗೇ ಹೋಗುತ್ತಿದ್ದೆ. ಹಾಗೆ ಮಾಡುವುದನ್ನು ತರಬೇತುದಾರರು ಕಂಡಾಗಲೆಲ್ಲ ಬೈಸಿಕೊಂಡೆ. ಸಿಕ್ಕಿದ್ದು ಅದೃಷ್ಟದಿಂದ, ಉದ್ದದ ಓಟದಲ್ಲಿ ಅದೃಷ್ಟ ಬಾಳುವುದಿಲ್ಲ ಎಂದರು. ನಾನೂ ನಂಬಿದೆ. ಮನೆಯಲ್ಲಿ ಕನ್ನಡಿಯ ಮುಂದೆ ದಿಕ್ಸೂಚಿ ಹಿಡಿದು ನಿಲ್ಲುವುದನ್ನು ಅಭ್ಯಾಸ ಮಾಡಿದೆ. ಆರನೇ ತರಗತಿಗೆ ಆಯಸ್ಕಾಂತದ ಪಾಠ ಹೇಳಿಕೊಡುವವಳು ನಾನು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕೇಳುವ ಮುಂಚೆ.

ಮಾಘ ಮಾಸದ ಒಂದು ಭಾನುವಾರ ಆಯ್ಕೆಯ ಓಟ. ನಾರಾಯಣಖೇಡದಿಂದ ಕಂಗ್ಟಿಗೆ ಹೋಗುವ ರಸ್ತೆಯ ಪಕ್ಕ, ಕುರುಚಲು ಗುಡ್ಡಗಳಿರುವ ಕಡೆ. ನನ್ನ ವಯಸ್ಸಿನ ಹೆಂಗಸರ ಗುಂಪಿನಲ್ಲಿ ಒಂಬತ್ತು ಮಂದಿ ಇದ್ದೆವು, ರಾಜ್ಯ ತಂಡಕ್ಕೆ ಇಬ್ಬರನ್ನು ತೆಗೆದುಕೊಳ್ಳುವುದಿತ್ತು. ಕಾಲಿನ ಓಟದಲ್ಲಿ ಆ ಒಂಬತ್ತರಲ್ಲಿ ನನ್ನನ್ನು ಹಿಂದೆ ಹಾಕುವವಳು ಒಬ್ಬಳೇ. ದಕ್ಷಿಣಕ್ಕೆ ಜಾರದಿದ್ದರೆ ಆ ಪಟ್ಟಿಯಲ್ಲಿ ನನ್ನ ಹೆಸರು ಬರುತ್ತಿತ್ತು, ‘ಅರ್ಧಮರ್ಧ’ ಎಂದವರ ಮುಂದೆ ಅದನ್ನು ಹಿಡಿಯಬಹುದಿತ್ತು. ಅವ್ವ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು, ಅದನ್ನು ಬಿಚ್ಚಲೂ ಇಲ್ಲ.

ಹದಿನಾರು ನಿಶಾನೆಗಳು. ಮೊದಲ ಆರು ಉತ್ತರಕ್ಕೆ ಗುಡ್ಡ ಹತ್ತಿಕೊಂಡು ಹೋಗುತ್ತಿದ್ದವು. ಪ್ರತಿ ಸಲ ನಿಂತೆ, ಎದೆಗೆ ಹಿಡಿದೆ, ಉಸಿರು ಎಣಿಸಿದೆ, ಆರೂ ಸಿಕ್ಕವು. ನನಗೂ ನಿಲ್ಲುವುದು ಬಂತು ಎಂದು ಎದೆ ಉಬ್ಬಿತು. ಏಳನೆಯದು ಪಶ್ಚಿಮಕ್ಕಿತ್ತು, ಒಂದು ಕಿಲೋಮೀಟರಿಗೂ ಮಿಕ್ಕಿದ ಬಯಲು, ಕೊಯ್ದ ತೊಗರಿಯ ಹೊಲಗಳು. ತೊಗರಿಯ ಕೂಳೆ ಎಂದರೆ ಮೊಳೆಯೇ, ಬೂಟಿನ ತಳಕ್ಕೂ ಚುಚ್ಚುತ್ತದೆ. ಇಲ್ಲಿ ಮಾತ್ರ ಅವಸರ ಮಾಡಬಾರದೆಂದು ಮೂರರ ಬದಲು ಆರು ಉಸಿರು ಬಿಟ್ಟು, ದೂರದ ಒಂದು ಬೇವಿನ ಮರ ನೋಡಿಟ್ಟುಕೊಂಡು ಹೊರಟೆ. ಬೇವಿನ ಮರ ಸಿಕ್ಕಿತು. ನಿಶಾನೆ ಇರಲಿಲ್ಲ. ನಕ್ಷೆಯಲ್ಲಿ ಅಲ್ಲೆಲ್ಲೂ ಇಲ್ಲದ, ನೀರು ನಿಂತ ಒಂದು ಕುಂಟೆ ಕಾಲ ಬುಡದಲ್ಲಿತ್ತು. ಆ ಕುಂಟೆ ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕಿದರೆ, ನಾನಿರಬೇಕಾದ ಜಾಗದಿಂದ ಎಷ್ಟೋ ದೂರ, ದಕ್ಷಿಣಕ್ಕೆ.

ಕುಂಟೆಯ ದಂಡೆಯಲ್ಲಿ ಮೇಕೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಏನ್ ಕಳಕೊಂಡಿ ತಂಗಿ?”

ಎಲ್ಲ ಕಳೆದುಕೊಂಡೆ ಎನ್ನಬೇಕೆಂದುಕೊಂಡು, ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಕ್ಕರಿಸಿದೆ. ಈ ಸಲ ನಾನು ನಿಂತಿದ್ದೆ. ನಿಜವಾಗಿ, ಮನಸ್ಸಿಟ್ಟು ನಿಂತಿದ್ದೆ. ನಿಂತರೂ ತಪ್ಪು, ಓಡಿದರೂ ತಪ್ಪು ಎಂದರೆ ನನ್ನಂಥವಳು ಹೋಗುವುದಾದರೂ ಎಲ್ಲಿಗೆ? ಸಿಟ್ಟು, ಅಳು, ಬೆವರು ಎಲ್ಲ ಒಟ್ಟಿಗೆ ಬಂತು. ಬೆವರಿಗೆ ಎದೆಯ ಮೇಲಿನ ಚೀಲ ತೊಯ್ದು ಚರ್ಮಕ್ಕೆ ಅಂಟಿಕೊಂಡು ನವೆಯಾಗುತ್ತಿತ್ತು. ಕುಂಟೆಯ ನೀರಿನಲ್ಲಿ ಕೈ ತೊಳೆದು, ಚೀಲವನ್ನು ಹೊರಗೆಳೆದು ಗಾಳಿಯಾಡಲೆಂದು ಗುಂಡಿ ಬಿಚ್ಚಿದೆ.

ದಿಕ್ಸೂಚಿ ತೊಡೆಯ ಮೇಲಿತ್ತು. ಚೀಲದ ಬಾಯಿ ಅದರ ಹತ್ತಿರ ಬಂದದ್ದೇ ತಡ, ಸೂಜಿ ಬೆಚ್ಚಿಬಿದ್ದಂತೆ ತಿರುಗಿತು. ಚೀಲ ದೂರ ಸರಿಸಿದೆ, ಸೂಜಿ ಹಿಂದಕ್ಕೆ ಬಂತು. ಹತ್ತಿರ ತಂದೆ, ಮತ್ತೆ ತಿರುಗಿತು. ಮುದುಕಿ ಬಗ್ಗಿ ನೋಡುತ್ತಿದ್ದಳು. ಟಕ್ ಎನ್ನುವ ಆ ಗುಂಡಿಯನ್ನು ನಾಲ್ಕು ತಿಂಗಳಿಂದ ದಿನಾ ಬೆಳಗ್ಗೆ ಪೂಜೆಗೆ ಬಿಚ್ಚುತ್ತಿದ್ದೆ, ಹಾಕುತ್ತಿದ್ದೆ. ಬಟ್ಟೆಯ ಪದರದೊಳಗೆ ಹೊಲಿದಿದ್ದ ಅದು ಒತ್ತುವ ಗುಂಡಿಯಲ್ಲ, ಆಯಸ್ಕಾಂತ. ಪರ್ಸುಗಳಿಗೆ ಇರುತ್ತದಲ್ಲ, ಅದು. ನಿಂತು ಎದೆಯ ಹತ್ತಿರಕ್ಕೆ ತಂದಾಗಲೆಲ್ಲ ಸೂಜಿ ಅದರ ಮಾತು ಕೇಳುತ್ತಿತ್ತು. ಸೊಂಟದ ಹತ್ತಿರ ಹಿಡಿದು ಓಡಿದಾಗ ಅದಕ್ಕೆ ಕೇಳಿಸುತ್ತಿರಲಿಲ್ಲ. ಪೂರ್ವಕ್ಕೆ ನಿಂತರೂ ಪಶ್ಚಿಮಕ್ಕೆ ನಿಂತರೂ ಅದು ಸೂಜಿಯ ಉತ್ತರದ ತುದಿಯನ್ನು ಮುಂದಕ್ಕೆ ದೂಡುತ್ತಿತ್ತು, ನನ್ನ ದಾರಿ ದಕ್ಷಿಣಕ್ಕೆ ವಾಲುತ್ತಿತ್ತು. ಉತ್ತರಕ್ಕೆ ಮುಖ ಮಾಡಿದಾಗ ಅದು ದೂಡುವುದೂ ಸೂಜಿಯ ನೇರಕ್ಕೇ ಇದ್ದುದರಿಂದ ತಪ್ಪು ಕಾಣಿಸಿರಲಿಲ್ಲ.

ನನಗಾದ ಸಂತೋಷವನ್ನು ಹೇಗೆ ಹೇಳಲಿ? ನಾಲ್ಕು ತಿಂಗಳ ಅವಮಾನವೆಲ್ಲ ಒಂದು ಗುಂಡಿಯ ಮೇಲೆ ಹೋಯಿತು. ಅದರ ಹಿಂದೆಯೇ ಅವ್ವನ ಮೇಲೆ ಕೆಟ್ಟ ಸಿಟ್ಟೂ ಬಂತು. ಲಿಂಗವನ್ನು ಒಗೆದ ಕರವಸ್ತ್ರದಲ್ಲಿ ಗಂಟು ಕಟ್ಟಿ ಕೊರಳಿಗೆ ಹಾಕಿಕೊಂಡೆ. ಖಾಲಿ ಚೀಲವನ್ನು ಎಸೆಯಲು ಕೈ ಎತ್ತಿ, ಮನಸ್ಸಾಗದೆ, ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿದೆ. ದಿಕ್ಸೂಚಿ ಎದೆಗೆ ಹಿಡಿದು ನೋಡಿದೆ. ಸೂಜಿ ಉತ್ತರ ತೋರಿಸುತ್ತಿತ್ತು.

“ಸಿಕ್ತೇನು?” ಎಂದಳು ಮುದುಕಿ.

“ಸಿಕ್ತವ್ವಾ,” ಎಂದು ಓಡಿದೆ.

ಆಮೇಲಿನ ಓಟದಂಥ ಓಟ ನನ್ನ ಜನ್ಮದಲ್ಲಿ ಓಡಿಲ್ಲ. ಏಳು ಸಿಕ್ಕಿತು. ಎಂಟು, ಒಂಬತ್ತು, ಹತ್ತು ಪೂರ್ವಕ್ಕಿದ್ದವು, ಮೂರಕ್ಕೂ ಗೆರೆ ಎಳೆದಂತೆ ಹೋದೆ. ಮುಂದಿದ್ದವರನ್ನು ಒಬ್ಬೊಬ್ಬರನ್ನಾಗಿ ದಾಟಿದೆ. ಓಡುತ್ತ ಓಡುತ್ತ ಅವ್ವನ ಮುಂದೆ ಹೇಳಬೇಕಾದ ಮಾತನ್ನು ಹದಗೊಳಿಸುತ್ತಿದ್ದೆ, ತರಬೇತುದಾರರಿಗೆ ಹೇಳಬೇಕಾದದ್ದನ್ನು, ನಂಟರಿಗೆ ಹೇಳಬೇಕಾದದ್ದನ್ನು. ಹದಿನೈದು ಮುಗಿಯಿತು. ಹದಿನಾರನೆಯದು ಒಂದು ಗುಡ್ಡದ ಓರೆಯಲ್ಲಿತ್ತು. ಬಂಡೆ ಬಳಸಿ ತಿರುಗಿದರೆ ಎದುರಿಗೇ ಕಿತ್ತಳೆ ಬಣ್ಣ ಕಂಡಿತು. ಹಾರಿ ಹೋಗಿ ಚುಚ್ಚಿಕೊಂಡು, ಇಳಿಜಾರಿನಲ್ಲಿ ಗೆರೆಯವರೆಗೆ ಕಾಲು ನೆಲಕ್ಕೆ ತಾಗದಂತೆ ಓಡಿದೆ. ನನ್ನ ಮುಂದೆ ಬಂದವಳು ಒಬ್ಬಳೇ.

ತರಬೇತುದಾರರಿಗೆ ಚೀಲ ತೆಗೆದು ತೋರಿಸಿದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು, ದಿಕ್ಸೂಚಿಯ ಹತ್ತಿರ ಹಿಡಿದು, ಸೂಜಿ ತಿರುಗುವುದನ್ನು ನೋಡಿದರು.

“ಮೈಮ್ಯಾಲಿಂದು ಎಲ್ಲಾ ತಗದೀನಿ ಅಂದಿದ್ರಲ್ರಿ?”

“ಎಲ್ಲಾ ತಗದಿದ್ದೆರಿ ಸರ್. ಇದು ಮೈಮ್ಯಾಲಿಂದಲ್ರಿ.”

ಅವರ ಕೈ ತಾನಾಗಿಯೇ ತಮ್ಮ ಅಂಗಿಯೊಳಗಿನ ಬೆಳ್ಳಿಯ ಕರಡಿಗೆಯ ಮೇಲೆ ಹೋಯಿತು. ಬೇರೆ ಯಾರಾದರೂ ತರಬೇತಿ ಕೊಟ್ಟಿದ್ದರೆ ಮೊದಲ ದಿನವೇ, ಕೊರಳಲ್ಲಿ ಅದೇನು ಎಂದು ಕೇಳಿರುತ್ತಿದ್ದರು. ಇವರಿಗೆ ಅದು ಕೇಳುವಂಥ ವಿಷಯವೇ ಆಗಿರಲಿಲ್ಲ, ನನಗೆ ಹೇಳುವಂಥದ್ದಾಗಿರಲಿಲ್ಲ. ಇಬ್ಬರೂ ನಕ್ಕೆವು. ತಪ್ಪು ತಿಳಿದೆ ಟೀಚರಮ್ಮಾ ಎಂದು ಅವರು ಎರಡು ಸಲ ಹೇಳಿದರು. ಆ ಮಾತು ಕೇಳಿ ನಾನು ಎಷ್ಟು ಹಿಗ್ಗಿದೆನೆಂದರೆ, ಕಟ್ಟಿಕೊಂಡು ಬಂದಿದ್ದ ರೊಟ್ಟಿ ಬಿಚ್ಚಿ ಎಲ್ಲರಿಗೂ ಹಂಚಿದೆ.

ರೊಟ್ಟಿ ಮುಗಿಯುವಷ್ಟರಲ್ಲಿ ಪಟ್ಟಿ ಅಂಟಿಸಿದರು. ನನ್ನ ಹೆಸರಿನ ಮುಂದೆ ಅಡ್ಡಗೆರೆ ಇತ್ತು.

ಚೀಟಿ ತರಿಸಿ ನೋಡಿದೆವು. ಕೊನೆಯ ಚುಚ್ಚು ಬೇರೆ ಆಕಾರದ್ದು, ಒಂದು ಚುಚ್ಚು ತಪ್ಪಿದರೂ ಇಡೀ ಓಟ ಲೆಕ್ಕಕ್ಕಿಲ್ಲ. ಹದಿನಾರನೆಯ ನಿಶಾನೆಯ ನಂಬರು ಐವತ್ತೇಳು ಎಂದು ನನ್ನ ನಕ್ಷೆಯ ಮೂಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಚುಚ್ಚಿಕೊಂಡದ್ದು ಐವತ್ತೆರಡು, ಗಂಡಸರ ಓಟದ್ದು. ನನ್ನದು ಅದೇ ಗುಡ್ಡದ ಅದೇ ಓರೆಯಲ್ಲಿ, ನೂರು ಹೆಜ್ಜೆ ಆಚೆ ತೂಗುತ್ತಿತ್ತು. ನಂಬರು ನೋಡಿಯೇ ಚುಚ್ಚಬೇಕು ಎನ್ನುವುದು ಮೊದಲನೇ ದಿನದ ಮೊದಲನೇ ಪಾಠ. ಶಿಬಿರಕ್ಕೆ ಬಂದ ನಮ್ಮ ಶಾಲೆಯ ಹುಡುಗಿಯರೂ ಅದನ್ನು ಮರೆತಿರಲಿಲ್ಲ. ಸೂಜಿ ಆಗ ಸರಿಯಾಗಿತ್ತು, ಎದೆಯ ಮೇಲೆ ಗುಂಡಿಯೂ ಇರಲಿಲ್ಲ. ತರಬೇತುದಾರರು ಚೀಲವನ್ನು ಮಡಚಿ ನನ್ನ ಕೈಗಿಟ್ಟರು.

ನಾರಾಯಣಖೇಡದಿಂದ ಜಹೀರಾಬಾದಿಗೆ ಬಸ್ಸಿನಲ್ಲಿ ಬರುವಾಗ ಸೀಟು ಇದ್ದರೂ ಕೂರಲಾಗಲಿಲ್ಲ. ಓಡುವಾಗ ಹದಗೊಳಿಸಿದ್ದ ಮಾತು ನಾಲಿಗೆಯ ಮೇಲೆಯೇ ಇತ್ತು. ಕೊನೆಯದು ನನ್ನ ತಪ್ಪೇ ಇರಬಹುದು, ಆದರೆ ನಾಲ್ಕು ತಿಂಗಳು ನನ್ನನ್ನು ಕುರಿಯಂತೆ ಎಳೆದಾಡಿದ್ದು ಅವಳ ಗುಂಡಿಯಲ್ಲವೇ ಎಂದು ಮತ್ತೆ ಮತ್ತೆ ಅದನ್ನೇ ಮಸೆದೆ. ಯಾರ ಮೇಲಾದರೂ ಹಾಕದೆ ಆ ಅಡ್ಡಗೆರೆಯನ್ನು ಹೊರುವುದು ನನ್ನಿಂದ ಆಗುತ್ತಿರಲಿಲ್ಲ.

ಮನೆ ಮುಟ್ಟುವಾಗ ಸಂಜೆ ಬೆಳಕು ಇನ್ನೂ ಇತ್ತು. ಬಾಗಿಲ ಹಿಂದಿನ ಗೂಟಕ್ಕೆ ನನ್ನ ಕೈಚೀಲ ನೇತುಹಾಕಲು ಹೋದರೆ, ಅಲ್ಲಿ ಅವ್ವನ ವ್ಯಾನಿಟಿ ಬ್ಯಾಗು ತೂಗುತ್ತಿತ್ತು. ನನ್ನ ಮೊದಲ ಸಂಬಳದಲ್ಲಿ ಬೀದರಿನಿಂದ ತಂದುಕೊಟ್ಟದ್ದು. ಮದುವೆಗಳಲ್ಲಿ ಎಲ್ಲರಿಗೂ ಕೇಳಿಸುವಂತೆ ಅದನ್ನು ಟಕ್ ಎಂದು ಮುಚ್ಚುವುದು ಅವಳಿಗೆ ಒಂದು ಸಂಭ್ರಮವಾಗಿತ್ತು. ಈಗ ಅದರ ಬಾಯಿಗೆ ಒಂದು ದೊಡ್ಡ ಪಿನ್ನು ಹಾಕಿತ್ತು. ಗುಂಡಿ ಇದ್ದ ಕಡೆ ಎರಡು ಸಣ್ಣ ತೂತು. ನಾಲ್ಕು ತಿಂಗಳಿಂದ ಅದು ಅಲ್ಲಿಯೇ ತೂಗುತ್ತಿತ್ತು, ನಾನು ಓಡಾಡುತ್ತ ಅದರ ಪಕ್ಕದಲ್ಲೇ ಹಾಯುತ್ತಿದ್ದೆ.

ಮಸೆದಿಟ್ಟಿದ್ದ ಮಾತು ಎಲ್ಲಿ ಹೋಯಿತೋ. ಅವ್ವ ಒಲೆಯ ಮುಂದೆ ಹಾಲಿಗೆ ಕಾವಲು ನಿಂತಿದ್ದಳು. ತಿರುಗದೆಯೇ ಕೇಳಿದಳು.

“ಗುಂಡಿ ಬಿಗೀ ಕೂತಿತ್ತೇನು? ಅಳ್ಳಾಡಲಿಲ್ಲಲ್ಲ?”

ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಸೂಜಿ ತಿರುಗಿದ್ದು, ಮುದುಕಿ, ಕರವಸ್ತ್ರ, ಐವತ್ತೇಳು, ಐವತ್ತೆರಡು. ಹೇಳುತ್ತ ಅತ್ತೆ. ಬಸ್ಸಿನಲ್ಲಿ ಅವಳನ್ನು ಮನಸ್ಸಿನಲ್ಲೇ ಎಷ್ಟು ಬೈದೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಅವಳು ಹಾಲು ಇಳಿಸಿ, ಕೈ ಒರೆಸಿಕೊಂಡು ಬಂದು, ಚೀಲ ಇಸಿದುಕೊಂಡು ಪೊರೆಯಿಲ್ಲದ ಕಣ್ಣಿನ ಹತ್ತಿರ ಹಿಡಿದು ಹೊಲಿಗೆಯನ್ನು ಬೆರಳಿನಿಂದ ತಡವಿದಳು.

“ಮತ್ತ ಯಾವಾಗ ಅದ ಓಟ?”

ಬರುವ ವರ್ಷ ಎಂದೆ.

“ಆತು. ಗುಂಡಿ ನಾ ಬಿಚ್ಚತೀನಿ. ನಂಬರ ನೀ ನೋಡು.”

ಆಮೇಲೆ, ಎದ್ದು ಹತ್ತು ಸೂಜಿಗೆ ದಾರ ಪೋಣಿಸಿಡು ಎಂದಳು. ನಾನು ಹೊಸ್ತಿಲ ಮೇಲಿಂದ ಏಳದೆ, ಅಲ್ಲಿಯೇ ಕೂತು, ಹತ್ತನ್ನೂ ಪೋಣಿಸಿದೆ.